ಒಂದೂವರೆ ನ್ಯಾನೋಸೆಕೆಂಡಿನ ಬಾಳ್ವೆ ಅಳೆಯುವುದು ಹೇಗೆ? ಎಲೆಕ್ಟ್ರಾನ್ ಸ್ಪೆಕ್ಟ್ರೋಮೀಟರ್ ಹಿಡಿದು ಹಂತ ಹಂತವಾಗಿ

ಉದ್ರಿಕ್ತ ಸ್ಥಿತಿಯಲ್ಲಿರುವ, ಅಂದರೆ ಹೆಚ್ಚಿನ ಶಕ್ತಿ ತುಂಬಿಕೊಂಡ ನ್ಯೂಕ್ಲಿಯಸ್ ಆ ಸ್ಥಿತಿಯಲ್ಲಿ ಎಷ್ಟು ಹೊತ್ತು ಇರುತ್ತದೆ? ಕೆಲವಕ್ಕೆ ಕೈಗಡಿಯಾರ ಸಾಕು. ಸೀಸಿಯಂ-137 ಕ್ಷಯಿಸಿದಾಗ ಸಿಗುವ ಬೇರಿಯಂ-137ರ 662 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಸ್ಥಿತಿಯ ಅರ್ಧಾಯು ಎರಡೂವರೆ ನಿಮಿಷ. ಎಂ.ಎಸ್ಸಿ. ಲ್ಯಾಬಿನಲ್ಲಿ ಇದನ್ನು ಎಷ್ಟೋ ಜನ ಮಾಡಿರುತ್ತಾರೆ. ಆದರೆ ಹೆಚ್ಚಿನ ಸ್ಥಿತಿಗಳು ಇಷ್ಟು ಹೊತ್ತು ಕಾಯುವುದಿಲ್ಲ. ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು), ಪಿಕೋಸೆಕೆಂಡುಗಳಲ್ಲಿ (ಅದರ ಸಾವಿರದಲ್ಲಿ ಒಂದು ಪಾಲು) ಅವುಗಳ ಕತೆ ಮುಗಿದಿರುತ್ತದೆ.

ಅಂಥದ್ದನ್ನು ಅಳೆಯುವ ಒಂದು ಹಳೆಯ, ಇವತ್ತಿಗೂ ಚೆನ್ನಾಗಿ ನಡೆಯುವ ದಾರಿ ಇಲ್ಲಿದೆ. ಸುಮ್ನೆ ತತ್ವ ಹೇಳುವ ಬದಲು ಒಂದೇ ನ್ಯೂಕ್ಲಿಯಸ್ ಹಿಡಿದು ಕೊನೆಯವರೆಗೆ ಹೋಗೋಣ. ಅದು ಇಟರ್ಬಿಯಂ-170. ಅದರ 84 ಕೆಇವಿ ಸ್ಥಿತಿಯ ಅರ್ಧಾಯು ಸುಮಾರು 1.6 ನ್ಯಾನೋಸೆಕೆಂಡ್. ಅಷ್ಟರಲ್ಲಿ ಬೆಳಕು ಅರ್ಧ ಮೀಟರಿಗಿಂತ ಕೊಂಚ ಕಡಿಮೆ ದೂರ ಹೋಗುತ್ತದೆ.

ಉತ್ತರ ಗೊತ್ತಿರುವ ಪ್ರಯೋಗ ಯಾಕೆ ಅಂತ ಕೇಳಬಹುದು. ಈ ಕೆಲಸದಲ್ಲಿ ಎಣಿಕೆ ಸಿಗುವುದು ಕಷ್ಟವೇ ಅಲ್ಲ. ಪರದೆಯ ಮೇಲೆ ಕಾಣುವ ಸಮಯ ನ್ಯೂಕ್ಲಿಯಸ್‌ನದ್ದೋ ಉಪಕರಣದ್ದೋ ಅಂತ ಬಿಡಿಸಿ ನೋಡುವುದೇ ಕಷ್ಟ. ಅದನ್ನು ಕಲಿಯುವುದಕ್ಕೆ ಉತ್ತರ ಗೊತ್ತಿದ್ದರೆ ಒಳ್ಳೆಯದು.

ಮೊದಲು ಉಪಾಯ ಏನು ಅಂತ

ಥೂಲಿಯಂ-170ರ ಅರ್ಧಾಯು ಸುಮಾರು 129 ದಿನ. ಅದು ಬೀಟಾ ಕಣ (ನ್ಯೂಕ್ಲಿಯಸ್‌ನಿಂದ ಹೊರಡುವ ವೇಗದ ಎಲೆಕ್ಟ್ರಾನ್) ಉಗುಳಿ ಇಟರ್ಬಿಯಂ-170 ಆಗುತ್ತದೆ. ನೂರರಲ್ಲಿ ಸುಮಾರು 82 ಸಲ ನೇರವಾಗಿ ತಳದ ಸ್ಥಿತಿಗೆ ಹೋಗುತ್ತದೆ. ಉಳಿದ 18 ಸಲ 84 ಕೆಇವಿ ಮೆಟ್ಟಿಲಿನ ಮೇಲೆ ಒಂದು ಗಳಿಗೆ ನಿಂತು ಇಳಿಯುತ್ತದೆ. ಇಳಿಯುವಾಗ ಗಾಮಾ ಕಿರಣ ಹೊರಡಬಹುದು. ಇಲ್ಲವೇ ಆ ಶಕ್ತಿ ಅದೇ ಪರಮಾಣುವಿನ ಒಂದು ಎಲೆಕ್ಟ್ರಾನಿಗೆ ಹೋಗಿ, ಆ ಎಲೆಕ್ಟ್ರಾನ್ ಹೊರಗೆ ಹಾರುತ್ತದೆ. ಇದೇ ಕನ್ವರ್ಷನ್ ಎಲೆಕ್ಟ್ರಾನ್. ಇಲ್ಲಿ ಒಂದು ಗಾಮಾಕ್ಕೆ ಆರಕ್ಕಿಂತ ಜಾಸ್ತಿ ಎಲೆಕ್ಟ್ರಾನ್ ಬರುತ್ತವೆ. ಹಾಗಾಗಿ ಗಾಮಾ ಹಿಡಿಯಲು ಹೋಗುವುದು ದಡ್ಡತನ.

ಬೀಟಾ ಬಂದರೆ ಸ್ಥಿತಿ ಹುಟ್ಟಿತು ಅಂತ. ಕನ್ವರ್ಷನ್ ಎಲೆಕ್ಟ್ರಾನ್ ಬಂದರೆ ಮುಗಿಯಿತು ಅಂತ. ಎರಡರ ನಡುವಿನ ಸಮಯವನ್ನು ಲಕ್ಷ ಸಲ ಅಳೆದು ರಾಶಿ ಹಾಕಿದರೆ, ಆ ರಾಶಿಯ ಇಳಿಜಾರೇ ಅರ್ಧಾಯು.

ಇದಕ್ಕೆ ಅಯಸ್ಕಾಂತದ ಸ್ಪೆಕ್ಟ್ರೋಮೀಟರ್ ಯಾಕೆ ಬೇಕು? ಬರೀ ಸಿಂಟಿಲೇಟರ್ (ಕಣ ಬಡಿದರೆ ಮಿನುಗುವ ವಸ್ತು) ಇಟ್ಟರೆ ಅದಕ್ಕೆ ಬೀಟಾ, ಎಕ್ಸ್-ರೇ, ಗಾಮಾ ಎಲ್ಲವೂ ಬಡಿಯುತ್ತವೆ. ದೊಡ್ಡ ಪಲ್ಸ್, ಚಿಕ್ಕ ಪಲ್ಸ್ ಎಲ್ಲ ಕಲಬೆರಕೆ. ಚಿಕ್ಕ ಪಲ್ಸ್ ಮಿತಿ ದಾಟುವುದು ತಡ, ದೊಡ್ಡದು ಬೇಗ. ಸಮಯ ಅಲ್ಲೇ ಹಾಳಾಗುತ್ತದೆ. ಅಯಸ್ಕಾಂತ ಒಂದೇ ಶಕ್ತಿಯ ಎಲೆಕ್ಟ್ರಾನುಗಳನ್ನು ಮಾತ್ರ ಆರಿಸಿ ಕಳಿಸುತ್ತದೆ. ಆಗ ಎಲ್ಲ ಪಲ್ಸ್‌ಗಳೂ ಹೆಚ್ಚುಕಮ್ಮಿ ಒಂದೇ ಎತ್ತರ. 1950ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಟೋರ್ ರಾಗ್ನಾರ್ ಗೆರ್‌ಹೋಲ್ಮ್ ಎರಡು ಲೆನ್ಸ್ ಸ್ಪೆಕ್ಟ್ರೋಮೀಟರುಗಳನ್ನು (ಇಲ್ಲಿ ಲೆನ್ಸ್ ಅಂದರೆ ಎಲೆಕ್ಟ್ರಾನುಗಳನ್ನು ಒಂದೆಡೆ ಸೇರಿಸುವ ಕಾಂತಸುರುಳಿ) ಎದುರುಬದುರು ಇಟ್ಟು, ನಡುವೆ ಸೋರ್ಸ್, ಅಂದರೆ ವಿಕಿರಣ ಸೂಸುವ ವಸ್ತು, ಇಟ್ಟು ಇಂಥ ಅಳತೆಗಳಿಗೆ ದಾರಿ ಮಾಡಿದರು. ಅಲ್ಲಿನ ಕಾಯ್ ಸೀಗ್‌ಬಾನ್ ಇದೇ ಬೀಟಾ ಸ್ಪೆಕ್ಟ್ರೋಮೀಟರ್ ಕಸುಬಿನಿಂದ ಶುರುಮಾಡಿ ಮುಂದೆ ಪರಮಾಣುವಿನ ಎಲೆಕ್ಟ್ರಾನುಗಳ ಕಡೆ ತಿರುಗಿ 1981ರಲ್ಲಿ ನೊಬೆಲ್ ಪಡೆದರು. ನಮಗೆ ಎರಡು ಲೆನ್ಸ್ ಬೇಡ. ಎಲೆಕ್ಟ್ರಾನಿಗೆ ಒಂದು ಲೆನ್ಸ್, ಬೀಟಾಕ್ಕೆ ಒಂದು ಪ್ಲಾಸ್ಟಿಕ್ ಸಿಂಟಿಲೇಟರ್ ಸಾಕು.

ಹಂತ 1: ಸೋರ್ಸ್

ಪ್ರಯೋಗದ ಅರ್ಧ ಭವಿಷ್ಯ ಇಲ್ಲೇ ನಿರ್ಧಾರ ಆಗುತ್ತದೆ. ನಿಸರ್ಗದಲ್ಲಿ ಸಿಗುವ ಥೂಲಿಯಂ ಎಲ್ಲವೂ ಥೂಲಿಯಂ-169. ರಿಯಾಕ್ಟರಿನಲ್ಲಿ ನ್ಯೂಟ್ರಾನ್ ತಾಗಿಸಿದರೆ 170 ಸಿಗುತ್ತದೆ. ನಮ್ಮ ದೇಶದಲ್ಲಿ ರೇಡಿಯೋಐಸೊಟೋಪುಗಳನ್ನು ಬಿಆರ್‌ಐಟಿ (ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿ) ಒದಗಿಸುತ್ತದೆ, ಇಟ್ಟುಕೊಳ್ಳಲು ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿ ಬೇಕು. ಆ ಕಾಗದಪತ್ರ ಮೊದಲೇ ಶುರುಮಾಡಿ. ಎಲ್ಲಕ್ಕಿಂತ ಜಾಸ್ತಿ ಟೈಮ್ ಹಿಡಿಯುವುದು ಅದೇ.

ಬೇಕಾಗಿರುವುದು ಒಂದು ಮೆಗಾಬೆಕೆರೆಲ್, ಅಂದರೆ ಸೆಕೆಂಡಿಗೆ 10 ಲಕ್ಷ ಕ್ಷಯ. ನೂರು ಥೂಲಿಯಂ ಪರಮಾಣುವಿನಲ್ಲಿ ಒಂದು 170 ಆಗಿದ್ದರೂ ಸಾಕು, ಒಟ್ಟು ಥೂಲಿಯಂ ಅರ್ಧ ಮೈಕ್ರೋಗ್ರಾಂ ದಾಟುವುದಿಲ್ಲ. ಅಷ್ಟನ್ನು 5 ಮಿಲಿಮೀಟರ್ ಅಗಲದ ಚುಕ್ಕೆಯಾಗಿ ಹರಡಿದರೆ ಸೋರ್ಸ್ ಬಹಳ ತೆಳು. ದಪ್ಪ ಆಗುವುದು ಥೂಲಿಯಂನಿಂದ ಅಲ್ಲ, ದ್ರಾವಣದಲ್ಲಿ ಉಳಿದ ಉಪ್ಪಿನಿಂದ. ಚದರ ಸೆಂಟಿಮೀಟರಿಗೆ 100 ಮೈಕ್ರೋಗ್ರಾಂ ದಪ್ಪ ಕೂತರೂ ನಮ್ಮ 75 ಕೆಇವಿ ಎಲೆಕ್ಟ್ರಾನ್ (75 ಯಾಕೆ ಅಂತ ಹಂತ 2ರಲ್ಲಿ) ಅರ್ಧ ಕೆಇವಿ ಕಳೆದುಕೊಳ್ಳುತ್ತದೆ. ಗೆರೆಗೆ, ಅಂದರೆ ಆ ಶಕ್ತಿಯಲ್ಲಿ ಕಾಣುವ ಚೂಪು ಶಿಖರಕ್ಕೆ, ಬಾಲ ಬೆಳೆಯುತ್ತದೆ.

ಹನಿ ಹಾಕಿ ಒಣಗಿಸಿದರೆ ಅದು ಅಂಚಿನಲ್ಲಿ ಉಂಗುರವಾಗಿ ಕೂರುತ್ತದೆ. ಚೆಲ್ಲಿದ ಕಾಫಿ ಒಣಗಿದಾಗ ಆಗುವ ಹಾಗೆಯೇ. ಇದಕ್ಕೆ ಹಳೆಯ ಬೀಟಾ ಲ್ಯಾಬುಗಳ ಮದ್ದು ಇನ್ಸುಲಿನ್. ತುಂಬ ನೀರು ಬೆರೆಸಿದ ಇನ್ಸುಲಿನ್ ಒಂದು ಹನಿಯನ್ನು ಮೊದಲು ಹಾಳೆಗೆ ಸವರಿ ತೆಗೆದರೆ ಆ ಜಾಗ ಚೆನ್ನಾಗಿ ಒದ್ದೆಯಾಗುತ್ತದೆ. ಆಮೇಲೆ ಹಾಕಿದ ಹನಿ ಸಮನಾಗಿ ಹರಡುತ್ತದೆ. ಹಾಳೆ ತೆಳುವಾದ ಮೈಲಾರ್ ಇರಲಿ, ಮೇಲೆ ಅಲ್ಯೂಮಿನಿಯಂ ಲೇಪ ಇರಲಿ, ಆ ಲೇಪ ಚೌಕಟ್ಟಿಗೆ ತಾಗಿ ಅರ್ತ್ ಆಗಿರಲಿ. ಇಲ್ಲದಿದ್ದರೆ ಸೋರ್ಸ್ ಎಲೆಕ್ಟ್ರಾನುಗಳನ್ನು ಕಳಿಸುತ್ತಾ ಕಳಿಸುತ್ತಾ ತಾನೇ ಧನ ವಿದ್ಯುದಂಶ ತುಂಬಿಕೊಳ್ಳುತ್ತದೆ. ದಿನದಿಂದ ದಿನಕ್ಕೆ ಗೆರೆ ಜರುಗುತ್ತದೆ, ಕಾರಣ ಹುಡುಕುತ್ತಾ ನೀವು ಸುಸ್ತಾಗುತ್ತೀರಿ.

ಇದು ತೆರೆದ ಸೋರ್ಸ್. ಗ್ಲೌಸ್, ಟ್ರೇ, ಮಾನಿಟರ್ ಇಲ್ಲದೆ ಮುಟ್ಟಬೇಡಿ. ವ್ಯಾಕ್ಯೂಮ್ ಚೇಂಬರಿಗೆ ಗಾಳಿ ಬಿಡುವಾಗ ವಾಲ್ವ್ ನಿಧಾನಕ್ಕೆ ತಿರುಗಿಸಿ. ಒಮ್ಮೆಲೇ ಗಾಳಿ ನುಗ್ಗಿದರೆ ಹಾಳೆ ಹರಿಯುತ್ತದೆ. ಆಗ ಹೋಗುವುದು ಬರೀ ಸೋರ್ಸ್ ಅಲ್ಲ, ಇಡೀ ಚೇಂಬರ್ ತೊಳೆಯುವ ಕೆಲಸ ಬರುತ್ತದೆ.

ಹಂತ 2: ಯಾವ ಗೆರೆ, ಎಷ್ಟು ಕರೆಂಟ್

84.25 ಕೆಇವಿಯಿಂದ ಇಟರ್ಬಿಯಂನ ಕೆ ಕವಚದ (ಎಲೆಕ್ಟ್ರಾನುಗಳ ಅತಿ ಒಳಗಿನ ಪದರ; ಅದರಾಚೆಯದ್ದು ಎಲ್) ಬಂಧನ ಶಕ್ತಿ 61.3 ಕಳೆದರೆ ಕೆ ಎಲೆಕ್ಟ್ರಾನಿನ ಶಕ್ತಿ 23 ಕೆಇವಿ. ಎಲ್ ಕವಚದ್ದು 74ರಿಂದ 75 ಕೆಇವಿ. ನಾವು ಎಲ್ ಆರಿಸುತ್ತೇವೆ. 23 ಕೆಇವಿ ಎಲೆಕ್ಟ್ರಾನ್ ಸೋರ್ಸಿನಲ್ಲೇ ಬಳಲುತ್ತದೆ, ಸಿಂಟಿಲೇಟರಿನಲ್ಲಿ ಕೊಡುವ ಬೆಳಕೂ ಮಿಣುಕು. ಇಲ್ಲಿ ಎಲ್ ಗೆರೆಯೇ ಬಲವಾದದ್ದು: ನೂರು ಕ್ಷಯಕ್ಕೆ ಸುಮಾರು ಒಂಬತ್ತು.

ಲೆನ್ಸಿನಲ್ಲಿ ಕಬ್ಬಿಣ ಇಲ್ಲದಿದ್ದರೆ ಕರೆಂಟ್ ಮತ್ತು ಎಲೆಕ್ಟ್ರಾನಿನ ಆವೇಗ ನೇರ ಅನುಪಾತದಲ್ಲಿರುತ್ತವೆ. ಅಳತೆಗೋಲಿಗೆ ಸೀಸಿಯಂ-137ರ ಕೆ ಗೆರೆ ಹಿಡಿಯಿರಿ. ಶಕ್ತಿ 624 ಕೆಇವಿ, ಬಾಗುವಿಕೆಯ ಲೆಕ್ಕದಲ್ಲಿ (ಕಾಂತಕ್ಷೇತ್ರ ಗುಣಿಸು ಬಾಗಿದ ದಾರಿಯ ತ್ರಿಜ್ಯ) 3381 ಗಾಸ್-ಸೆಂಟಿಮೀಟರ್. ಈ ಕಸುಬಿನವರಿಗೆ ಈ ಸಂಖ್ಯೆ ಮನೆಯ ಪಿನ್‌ಕೋಡ್ ಇದ್ದ ಹಾಗೆ. ನಮ್ಮ ಎಲ್ ಗೆರೆ ಸುಮಾರು 955. ಅಂದರೆ ಸೀಸಿಯಂ ಗೆರೆ ಸಿಕ್ಕ ಕರೆಂಟನ್ನು 0.28ರಿಂದ ಗುಣಿಸಿ. ಅದರ ಆಚೀಚೆ ಸಣ್ಣ ಹೆಜ್ಜೆಯಲ್ಲಿ ಕರೆಂಟ್ ಏರಿಸಿ ಎಣಿಸಿದರೆ ಶಿಖರ ಸಿಗುತ್ತದೆ.

ಸಿಗಲಿಲ್ಲವಾ? ಭೂಮಿಯನ್ನು ಬೈಯಿರಿ. ಭೂಮಿಯ ಕಾಂತಕ್ಷೇತ್ರ ಬೆಂಗಳೂರಿನಲ್ಲಿ ಸುಮಾರು 0.4 ಗಾಸ್. ಅದು ದಾರಿಗೆ ಅಡ್ಡಲಾಗಿದ್ದರೆ 75 ಕೆಇವಿ ಎಲೆಕ್ಟ್ರಾನ್ ಅರ್ಧ ಮೀಟರ್ ಹೋಗುವಷ್ಟರಲ್ಲಿ 5 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಡಿಟೆಕ್ಟರಿನ ಮುಂದಿನ ಕಿಂಡಿ ಅಷ್ಟೇ ಅಗಲ ಇರಬಹುದು, ಅಲ್ವಾ? ಹಾಗಾಗಿ ಸುತ್ತ ದೊಡ್ಡ ಹೆಲ್ಮ್‌ಹೋಲ್ಟ್ಸ್ ಸುರುಳಿ ಹಾಕಿ ಭೂಮಿಯ ಕ್ಷೇತ್ರವನ್ನು ಅಳಿಸಬೇಕು. ಇನ್ನೊಂದು, ಹತ್ತಿರ ಕಬ್ಬಿಣ ಬೇಡ. ಸಂಜೆ ಸರಿಯಾಗಿ ಇದ್ದ ಗೆರೆ ಬೆಳಗ್ಗೆ ಪಕ್ಕಕ್ಕೆ ಹೋಗಿದ್ದ ಒಂದು ಪ್ರಸಂಗ ನನಗೆ ಚೆನ್ನಾಗಿ ನೆನಪಿದೆ. ಪವರ್ ಸಪ್ಲೈ ಬಿಚ್ಚಿ ನೋಡಿದ್ದಾಯಿತು, ವ್ಯಾಕ್ಯೂಮ್ ನೋಡಿದ್ದಾಯಿತು. ಎರಡು ದಿನ ಆದಮೇಲೆ ತಿಳಿದದ್ದು ಇಷ್ಟು: ಪಕ್ಕದ ಕೋಣೆಯವರು ಸ್ಟೀಲ್ ಬೀರುವನ್ನು ನಮ್ಮ ಗೋಡೆಗೆ ಒರಗಿಸಿ ಇಟ್ಟಿದ್ದರು.

ಹಂತ 3: ಎರಡು ಡಿಟೆಕ್ಟರ್

ಎರಡೂ ಕಡೆ ಪ್ಲಾಸ್ಟಿಕ್ ಸಿಂಟಿಲೇಟರ್. ಅದರ ಬೆಳಕು ಎರಡು ನ್ಯಾನೋಸೆಕೆಂಡಿನ ಆಸುಪಾಸಿನಲ್ಲಿ ಆರುತ್ತದೆ. ಲೆನ್ಸ್ ಕಡೆಯ ಹೋಳು ತೆಳುವಿರಲಿ. 75 ಕೆಇವಿ ಎಲೆಕ್ಟ್ರಾನ್ ಪ್ಲಾಸ್ಟಿಕ್ಕಿನಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಹೋಗುವುದಿಲ್ಲ. ದಪ್ಪ ಇಟ್ಟರೆ ಸಿಗುವ ಲಾಭ ಒಂದೇ, ಬೇಡದ ಗಾಮಾಗಳೂ ಎಣಿಕೆಗೆ ಬರುತ್ತವೆ!

ಸಿಂಟಿಲೇಟರಿನ ಮಿನುಗನ್ನು ವಿದ್ಯುತ್ ಪಲ್ಸ್ ಮಾಡುವ ಫೋಟೋಮಲ್ಟಿಪ್ಲಯರ್ ಟ್ಯೂಬಿಗೂ ಅಯಸ್ಕಾಂತಕ್ಕೂ ಆಗಿಬರುವುದಿಲ್ಲ. ಕಾಂತಕ್ಷೇತ್ರ ತಡೆಯುವ ಮ್ಯೂ-ಮೆಟಲ್ ಹೊದಿಕೆ ಹಾಕಿ, ಬೆಳಕು ಸಾಗಿಸುವ ಲೈಟ್ ಗೈಡ್ ಇಟ್ಟು ಟ್ಯೂಬನ್ನು ದೂರ ತಳ್ಳಿ. ಆದರೆ ಗೈಡ್ ಉದ್ದ ಆದಷ್ಟೂ ಬೆಳಕು ಸೋರುತ್ತದೆ, ಸಮಯದ ನಿಖರತೆ ಬೀಳುತ್ತದೆ. ಲೆನ್ಸ್ ಕರೆಂಟ್ ಹಾಕಿ, ತೆಗೆದು ನೋಡಿ. ಪಲ್ಸ್ ಎತ್ತರ ಬದಲಾಗದೇ ಇರುವ ಅತಿ ಕಡಿಮೆ ದೂರದಲ್ಲಿ ನಿಲ್ಲಿಸಿ.

ಬೀಟಾ ಕಡೆ ಒಂದು ಎಚ್ಚರಿಕೆ ಬೇಕು. ಈ ಡಿಟೆಕ್ಟರಿನ ಕೆಳಮಿತಿಯನ್ನು 100 ಕೆಇವಿಗಿಂತ ಮೇಲೆ ಇಡಿ. ಯಾಕೆ ಅಂದರೆ, ಲೆನ್ಸಿನ ಮೂಲಕ 75 ಕೆಇವಿಯ ಒಂದು ಸಾಮಾನ್ಯ ಬೀಟಾನೂ ನುಸುಳಬಹುದು. ಅದೇ ಹೊತ್ತಿಗೆ ಆ ಕ್ಷಯದ ಕನ್ವರ್ಷನ್ ಎಲೆಕ್ಟ್ರಾನ್ ಬೀಟಾ ಡಿಟೆಕ್ಟರಿಗೆ ಬಿದ್ದರೆ ಪಾತ್ರ ಅದಲುಬದಲು! ಹುಟ್ಟಿದ ಸುದ್ದಿ ಸಾವಿನ ಪುಸ್ತಕಕ್ಕೆ, ಸಾವಿನದ್ದು ಹುಟ್ಟಿನ ಪುಸ್ತಕಕ್ಕೆ. ಆಗ ಶಿಖರದ ತಪ್ಪು ಬದಿಯಲ್ಲೂ ಅದೇ ಇಳಿಜಾರು ಕಾಣುತ್ತದೆ. ಕನ್ವರ್ಷನ್ ಎಲೆಕ್ಟ್ರಾನ್ 84 ಕೆಇವಿ ದಾಟುವುದಿಲ್ಲ, ಬೀಟಾ 884ರವರೆಗೆ ಹೋಗುತ್ತದೆ. 100ರ ಗೆರೆ ಹಾಕಿದರೆ ಈ ಗೊಂದಲ ಮುಗಿಯಿತು.

ಹಂತ 4: ಸಮಯದ ಸರ್ಕ್ಯೂಟ್

ಎರಡೂ ಪಲ್ಸ್ ಕಾನ್‌ಸ್ಟಂಟ್ ಫ್ರ್ಯಾಕ್ಷನ್ ಡಿಸ್ಕ್ರಿಮಿನೇಟರಿಗೆ (ಪಲ್ಸ್ ಎತ್ತರ ಎಷ್ಟೇ ಇರಲಿ, ಬಂದ ಸಮಯವನ್ನು ಒಂದೇ ರೀತಿ ಗುರುತಿಸುವ ಸರ್ಕ್ಯೂಟ್) ಹೋಗುತ್ತವೆ, ಅಲ್ಲಿಂದ ಟ್ಯಾಕ್‌ಗೆ. ಟ್ಯಾಕ್ ಅಂದರೆ ಸ್ಟಾರ್ಟ್–ಸ್ಟಾಪ್ ನಡುವಿನ ಸಮಯವನ್ನು ವೋಲ್ಟೇಜ್ ಮಾಡಿ ಕೊಡುವ ಪೆಟ್ಟಿಗೆ. ಅದನ್ನು ಎಂಸಿಎ (ಮಲ್ಟಿಚಾನೆಲ್ ಅನಲೈಸರ್) ಚಾನೆಲ್ ಚಾನೆಲ್ ಆಗಿ ಜೋಡಿಸುತ್ತದೆ. 50 ನ್ಯಾನೋಸೆಕೆಂಡನ್ನು 1024 ಚಾನೆಲ್ ಮಾಡಿದರೆ ಒಂದೊಂದೂ 49 ಪಿಕೋಸೆಕೆಂಡ್.

ಸಹಜವಾಗಿ ಬೀಟಾ ಮೊದಲು ಬರುವುದರಿಂದ ಅದನ್ನೇ ಸ್ಟಾರ್ಟ್‌ಗೆ ಕೊಡೋಣ ಅನ್ನಿಸುತ್ತದೆ. ಬೇಡ. ಬೀಟಾ ಸೆಕೆಂಡಿಗೆ ಒಂದು ಲಕ್ಷ, ಎಲೆಕ್ಟ್ರಾನ್ ಎರಡು ಸಾವಿರ. ಲಕ್ಷ ಸಲ ಗಡಿಯಾರ ಒತ್ತಿ ಸುಮ್ನೆ ಕಾಯುವ ಬದಲು, ಅಪರೂಪಕ್ಕೆ ಬರುವ ಎಲೆಕ್ಟ್ರಾನಿನಿಂದ ಶುರುಮಾಡಿ. ಬೀಟಾ ಪಲ್ಸನ್ನು 8 ಮೀಟರ್ ಕೇಬಲಿನಲ್ಲಿ ಸುತ್ತಾಡಿಸಿ ಸ್ಟಾಪ್‌ಗೆ ಕೊಡಿ. ಮಾಮೂಲಿ ಆರ್‌ಜಿ-58 ಕೇಬಲಿನಲ್ಲಿ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್, ಅಲ್ಲಿಗೆ 40 ಆಯಿತು. ಆಗ ಸಮಯ ಉಲ್ಟಾ ಓಡುತ್ತದೆ, ಇಳಿಜಾರು ಎಡಕ್ಕೆ ಬೀಳುತ್ತದೆ. ಹೊಸಬರು ಇದನ್ನು ನೋಡಿ ಗಾಬರಿ ಬೀಳುತ್ತಾರೆ. ಲಾಗ್ ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ.

ಸಮಯದ ಅಳತೆ ಸರಿ ಇದೆಯಾ ನೋಡಲು, ಉದ್ದ ಅಳೆದು ವಿಳಂಬ ತಿಳಿದುಕೊಂಡ ಕೇಬಲುಗಳನ್ನು ಒಂದೊಂದಾಗಿ ಸೇರಿಸಿ ಶಿಖರ ಎಷ್ಟು ಚಾನೆಲ್ ಸರಿಯಿತು ಎಣಿಸಿ. ಇಲ್ಲಿ ನೂರಕ್ಕೆ ಒಂದು ತಪ್ಪಿದರೆ ಉತ್ತರದಲ್ಲಿ 16 ಪಿಕೋಸೆಕೆಂಡ್ ತಪ್ಪು. ಆಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸೋರ್ಸ್ ಇಟ್ಟು ರಾತ್ರಿಯಿಡೀ ಬಿಡಿ. ಎಲ್ಲ ಚಾನೆಲಿನಲ್ಲೂ ಸಮನಾದ ಎಣಿಕೆ ಬರಬೇಕು. ಎಲ್ಲಾದರೂ ಉಬ್ಬು ಇದ್ದರೆ ಚಾನೆಲುಗಳ ಅಗಲ ಸಮ ಇಲ್ಲ ಅಂತ ಅರ್ಥ.

ಹಂತ 5: ತಕ್ಷಣದ ವಕ್ರ

ಜೀವಿತ ಸೊನ್ನೆ ಇದ್ದರೂ ಉಪಕರಣ ಒಂದು ಚೂಪು ಗೆರೆ ಕೊಡುವುದಿಲ್ಲ, ಅಗಲವಾದ ಗಂಟೆ ಆಕಾರ ಕೊಡುತ್ತದೆ. ಅದನ್ನು ಮೊದಲು ನೋಡಿಟ್ಟುಕೊಳ್ಳಬೇಕು. ಇದಕ್ಕೆ ತೆಳುವಾದ ತೆರೆದ ಕೋಬಾಲ್ಟ್-60 ಸೋರ್ಸ್ ತುಂಬ ಚೆನ್ನ. ಅದರ ಬೀಟಾ 318 ಕೆಇವಿವರೆಗೆ ಹರಡಿದೆ. ಹಿಂದೆಯೇ ಎರಡು ಗಾಮಾ ಬರುತ್ತವೆ, ನಡುವಿನ ಸ್ಥಿತಿಗಳು ಒಂದು ಪಿಕೋಸೆಕೆಂಡಿನೊಳಗೇ ಮುಗಿಯುತ್ತವೆ.

ಮುಖ್ಯ ವಿಷಯ ಇದು: ಲೆನ್ಸ್ ಕರೆಂಟ್ ಮುಟ್ಟಬೇಡಿ. ಥೂಲಿಯಂಗೆ ಇಟ್ಟ 75 ಕೆಇವಿಯಲ್ಲೇ ಇರಲಿ. 75 ಕೆಇವಿ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅರ್ಧ ಮೀಟರ್ ದಾರಿಗೆ 3.4 ನ್ಯಾನೋಸೆಕೆಂಡ್. ನಾವು ಅಳೆಯಬೇಕಾದ ಅರ್ಧಾಯುವಿನ ಎರಡರಷ್ಟು! ಅದೇ 329 ಕೆಇವಿ ಆದರೆ 2.1 ಸಾಕು. ಬೇರೆ ಶಕ್ತಿಯಲ್ಲಿ ತೆಗೆದ ವಕ್ರವನ್ನು ಇಲ್ಲಿಗೆ ತಂದರೆ ಒಂದು ನ್ಯಾನೋಸೆಕೆಂಡಿಗಿಂತ ಜಾಸ್ತಿ ಸುಳ್ಳು ಸೇರುತ್ತದೆ. ಕೋಬಾಲ್ಟ್ ಬೀಟಾ ಲೆನ್ಸಿನಲ್ಲಿ 75ಕ್ಕೇ ಹಿಡಿದರೆ ಹಾರಾಟದ ಸಮಯವೂ ಅದೇ, ಸಿಂಟಿಲೇಟರಿನ ಪಲ್ಸೂ ಅದೇ.

ಹಂತ 6: ಎಣಿಕೆ

ಲೆಕ್ಕ ಹಾಕೋಣ. ಸೆಕೆಂಡಿಗೆ 10 ಲಕ್ಷ ಕ್ಷಯ. ಎಲ್ ಎಲೆಕ್ಟ್ರಾನ್ ಶೇ. 9, ಲೆನ್ಸ್ ದಾಟುವುದು ಶೇ. 2 ಅಂದರೆ 1800. ಬೀಟಾ ಡಿಟೆಕ್ಟರ್ ಹತ್ತರಲ್ಲಿ ಒಂದನ್ನು ಹಿಡಿದರೆ ನಿಜವಾದ ಜೋಡಿಗಳು ಸೆಕೆಂಡಿಗೆ 180. ಆಕಸ್ಮಿಕವಾಗಿ ಸೇರಿಕೊಂಡ ಜೋಡಿಗಳು 20 ನ್ಯಾನೋಸೆಕೆಂಡ್ ಕಿಟಕಿಯಲ್ಲಿ ಮೂರೂವರೆ. ಐವತ್ತಕ್ಕೆ ಒಂದು. ಚೆನ್ನಾಗಿದೆ.

‘ಹಾಗಾದರೆ ಹತ್ತು ಪಟ್ಟು ಬಲದ ಸೋರ್ಸ್ ಇಡೋಣ’ ಅನ್ನುವವರು ಇದ್ದೇ ಇರುತ್ತಾರೆ. ನಿಜ ಜೋಡಿ ಹತ್ತು ಪಟ್ಟಾಗುತ್ತದೆ, ಆಕಸ್ಮಿಕ ನೂರು ಪಟ್ಟು. ಅನುಪಾತ ಐದಕ್ಕೆ ಇಳಿಯುತ್ತದೆ. ಬೇಡ. ಒಂದೇ ಗಂಟೆಯಲ್ಲಿ ಆರು ಲಕ್ಷ ಜೋಡಿ ಸಿಗುವಾಗ ಅವಸರ ಯಾಕೆ?

ಥೂಲಿಯಂ ಎಣಿಸಿದ ಮೇಲೆ ಕರೆಂಟ್ ಸ್ವಲ್ಪ ಏರಿಸಿ, ಲೆನ್ಸನ್ನು 95 ಕೆಇವಿಗೆ ಇಟ್ಟು ಇನ್ನೊಂದು ಸಲ ಎಣಿಸಿ. ಅಲ್ಲಿ ಕನ್ವರ್ಷನ್ ಗೆರೆಯೇ ಇಲ್ಲ. ಆದರೂ ಸೊನ್ನೆ ಜಾಗದಲ್ಲಿ ಶಿಖರ ಕಂಡರೆ, ಬೀಟಾ ಒಂದು ಡಿಟೆಕ್ಟರಿಗೆ ತಾಗಿ ಪುಟಿದು ಇನ್ನೊಂದರ ಕಡೆ ಹೋಗುತ್ತಿದೆ ಅಂತ ತಿಳಿಯಿರಿ. ಒಂದೇ ಕಣ ಎರಡು ಕಡೆ ಹಾಜರಿ ಹಾಕಿದ ಹಾಗೆ. ನಡುವೆ ತಡೆ ಇಡಿ, ಉಳಿದದ್ದನ್ನು ಕಳೆಯಿರಿ.

ಹಂತ 7: ಇಳಿಜಾರಿನಿಂದ ಅರ್ಧಾಯು

ಲಾಗ್ ಅಕ್ಷದಲ್ಲಿ ಬರೆದರೆ ಒಂದು ಬದಿ ನೇರ ಗೆರೆ ಕಾಣಬೇಕು. ಮೊದಲು ಆಕಸ್ಮಿಕ ಜೋಡಿಗಳ ಚಪ್ಪಟೆ ತಳವನ್ನು ಕಳೆಯಿರಿ. ತಳವನ್ನು ಶಿಖರದ ತಪ್ಪು ಬದಿಯಿಂದ, ದೂರದ ಚಾನೆಲುಗಳಿಂದ ತೆಗೆದುಕೊಳ್ಳಿ. ಜಾಸ್ತಿ ಕಳೆದರೆ ಅರ್ಧಾಯು ಚಿಕ್ಕದಾಗುತ್ತದೆ, ಕಮ್ಮಿ ಕಳೆದರೆ ಉದ್ದವಾಗುತ್ತದೆ.

ಗೆರೆ ಎಲ್ಲಿಂದ ಹೊಂದಿಸಬೇಕು? ಶಿಖರಕ್ಕೆ ತೀರ ಹತ್ತಿರ ಶುರುಮಾಡಿದರೆ ಉಪಕರಣದ ಅಗಲ ಸೇರಿಕೊಳ್ಳುತ್ತದೆ. ನಾನು ಮಾಡುವುದು ಹೀಗೆ. ಶುರುವಿನ ಚಾನೆಲನ್ನು ಐದೈದು ಮುಂದೆ ಸರಿಸುತ್ತಾ ಪ್ರತಿ ಸಲ ಅರ್ಧಾಯು ತೆಗೆಯುತ್ತೇನೆ. ಅದನ್ನೇ ಒಂದು ಗ್ರಾಫ್ ಹಾಕುತ್ತೇನೆ. ಮೊದಲು ಓಲಾಡಿ ಆಮೇಲೆ ಸಮತಟ್ಟಾಗಬೇಕು. ಸಮತಟ್ಟಾಗದೆ ಜಾರುತ್ತಲೇ ಇದ್ದರೆ ತಳ ಕಳೆದದ್ದು ತಪ್ಪು, ಇಲ್ಲವೇ ಪುಟಿದ ಬೀಟಾಗಳು ಇನ್ನೂ ಇವೆ. ಒಂದು ಗಂಟೆಯ ಎಣಿಕೆಯಿಂದ ಬರುವ ದೋಷ ನಾಲ್ಕೈದು ಪಿಕೋಸೆಕೆಂಡ್ ಅಷ್ಟೇ. ಅದಕ್ಕಿಂತ ಕೇಬಲ್ ಅಳತೆಯ ದೋಷವೇ ದೊಡ್ಡದು. ಎರಡನ್ನೂ ಬೇರೆ ಬೇರೆ ಬರೆಯಿರಿ.

ಅರ್ಧಾಯು ಉಪಕರಣದ ಅಗಲಕ್ಕಿಂತ ತುಂಬ ಚಿಕ್ಕದಿದ್ದರೆ ಇಳಿಜಾರು ಕಾಣುವುದೇ ಇಲ್ಲ. ಚಿನ್ನ-198ರಿಂದ ಸಿಗುವ ಪಾದರಸ-198ರ 412 ಕೆಇವಿ ಸ್ಥಿತಿ ಅಂಥದ್ದು, 23 ಪಿಕೋಸೆಕೆಂಡ್. ಆಗ ಇಡೀ ರಾಶಿಯ ಗುರುತ್ವಕೇಂದ್ರ ತಕ್ಷಣದ ವಕ್ರದಿಂದ ಎಷ್ಟು ಸರಿದಿದೆ ಅಂತ ನೋಡುತ್ತಾರೆ. ಆ ಸರಿತವೇ ಸರಾಸರಿ ಜೀವಿತ. 1950ರಲ್ಲಿ ಈ ದಾರಿ ತೋರಿಸಿದವರಲ್ಲಿ ಜೋಲ್ಟಾನ್ ಬಾಯ್ ಒಬ್ಬರು. 1946ರಲ್ಲಿ ಹಂಗೇರಿಯಿಂದ ಚಂದ್ರನಿಗೆ ರೇಡಾರ್ ಅಲೆ ಕಳಿಸಿ ಪ್ರತಿಧ್ವನಿ ಹಿಡಿದ ಅದೇ ಬಾಯ್. ಆ ಪ್ರತಿಧ್ವನಿಗೆ ಎರಡೂವರೆ ಸೆಕೆಂಡ್ ಬೇಕಿತ್ತು! ಈ ವಿಧಾನದಲ್ಲಿ ಮಾತ್ರ ಲೆನ್ಸಿನೊಳಗಿನ ಸುರುಳಿ ದಾರಿಗಳ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ನಮ್ಮ 3.4 ನ್ಯಾನೋಸೆಕೆಂಡಿನ ಹಾರಾಟದಲ್ಲಿ ಶೇ. 1 ಅಂದರೆ 34 ಪಿಕೋಸೆಕೆಂಡ್.

ಲೆನ್ಸ್ ಇಲ್ಲದಿದ್ದರೆ

ಈಗ ದೊಡ್ಡ ಲೆನ್ಸ್ ಇರುವ ಲ್ಯಾಬುಗಳು ಕಡಿಮೆ. 1972ರಲ್ಲಿ ವಾನ್ ಕ್ಲಿಂಕೆನ್ ಮತ್ತು ವಿಸ್‌ಶಾಕ್ ಮುಂದಿಟ್ಟ ಮಿನಿ-ಆರೆಂಜ್ ಒಂದು ಒಳ್ಳೆಯ ಬದಲಿ. ಕಿತ್ತಳೆ ತೊಳೆಗಳ ಹಾಗೆ ಸುತ್ತಲೂ ಜೋಡಿಸಿದ ಚಿಕ್ಕ ಶಾಶ್ವತ ಅಯಸ್ಕಾಂತಗಳು, ನಡುವೆ ಗಾಮಾ ತಡೆಯುವ ಸೀಸದ ಗುಂಡು, ಹಿಂದೆ ಸಿಲಿಕಾನ್ ಡಿಟೆಕ್ಟರ್. ಅಂಗೈ ಗಾತ್ರ, ಕರೆಂಟೂ ಬೇಡ. ಶಕ್ತಿ ಬೇರ್ಪಡಿಸುವುದರಲ್ಲಿ ಸಿಲಿಕಾನ್ ಚೆನ್ನಾಗಿದೆ. ಸಮಯದಲ್ಲಿ ಮಾತ್ರ ಪ್ಲಾಸ್ಟಿಕ್ಕಿಗಿಂತ ನಿಧಾನ, ಹಾಗಾಗಿ ಹತ್ತಾರು ನ್ಯಾನೋಸೆಕೆಂಡಿನ ಸ್ಥಿತಿಗಳಿಗೆ ಅದನ್ನು ಇಟ್ಟುಕೊಳ್ಳಿ.

ಬಂದ ಸಂಖ್ಯೆ ಏನು ಹೇಳುತ್ತದೆ

1.6ನ್ನು 0.693ರಿಂದ ಭಾಗಿಸಿದರೆ ಸರಾಸರಿ ಜೀವಿತ 2.3 ನ್ಯಾನೋಸೆಕೆಂಡ್. ಆದರೆ ಈ ಸ್ಥಿತಿ ಬೇಗ ಮುಗಿಯುವುದು ಎಲೆಕ್ಟ್ರಾನ್ ದಾರಿ ಇರುವುದರಿಂದ. ಗಾಮಾ ದಾರಿ ಮಾತ್ರ ಇದ್ದಿದ್ದರೆ ಏಳು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಸುಮಾರು 17 ನ್ಯಾನೋಸೆಕೆಂಡ್ ಇರುತ್ತಿತ್ತು. ಒಂದೇ ಪ್ರೋಟಾನ್ ಈ ಕೆಲಸ ಮಾಡುತ್ತಿದೆ ಅಂತ ಲೆಕ್ಕ ಹಾಕಿದರೆ ಆ 17ರ ಜಾಗದಲ್ಲಿ ಬರುವುದು ಇನ್ನೂರು ಪಟ್ಟು, ಮೂರು ಸಾವಿರ ನ್ಯಾನೋಸೆಕೆಂಡಿಗೂ ಮೇಲೆ. ಇಷ್ಟು ಬೇಗ ಇಳಿಯಬೇಕಾದರೆ ಪ್ರೋಟಾನುಗಳು ಒಟ್ಟಾಗಿ ತಿರುಗುತ್ತಿರಬೇಕು. ಗುಂಡಗಿನ ನ್ಯೂಕ್ಲಿಯಸ್ ಹಾಗೆ ತಿರುಗಲಾರದು. ಲೆಕ್ಕ ಮುಂದುವರಿಸಿದರೆ ಇಟರ್ಬಿಯಂ-170 ಸಿಪ್ಪೆ ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದಕ್ಕಿದೆ: ಉದ್ದ ಅಗಲಕ್ಕಿಂತ ಸುಮಾರು ಮೂರನೇ ಒಂದು ಪಾಲು ಜಾಸ್ತಿ.